ನಿಮ್ಮ ನಾಯಿಗೆ ಕನ್ನಡ ಬರುತ್ತದೆಯೇ?

ಮೈಸೂರಿನ ಸರಸ್ವತಿಪುರಂನ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಕೆಂಚನನ್ನು ಹಿಡಿದು ಹೊರಟರೆ ವಾರಕ್ಕೊಬ್ಬರಾದರೂ ನಿಂತು ಕೇಳುತ್ತಾರೆ: "ನಾಯಿಗೆ ಕನ್ನಡದಲ್ಲೇ ಹೇಳುತ್ತೀರಲ್ಲ, ಅದಕ್ಕೆ ಅರ್ಥವಾಗುತ್ತದೆಯೇ?" ಮನೆಯಲ್ಲಿ ಅಚ್ಚಗನ್ನಡ ಆಡುವವರೂ ನಾಯಿಯ ಮುಂದೆ "ಸಿಟ್, ಕಮ್, ನೋ" ಎಂದು ದೊರೆಗಳಾಗುವ ಊರು ನಮ್ಮದು. ಕೆಂಚನೇನು ಲಂಡನ್ನಿನಿಂದ ಇಳಿದವನಲ್ಲ. ಪಕ್ಕದ ಸೈಟಿನ ಮರಳುಗುಡ್ಡೆಯ ಮೇಲೆ ಹುಟ್ಟಿದವನು.

ಬರುತ್ತದೆ ಎಂದೇ ಬಹಳ ದಿನ ಜಂಬದಿಂದ ಹೇಳುತ್ತಿದ್ದೆ. ಒಂದು ಸಂಜೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಗೋಡೆಯತ್ತ ತಿರುಗಿ "ಕೂತುಕೋ" ಎಂದೆ. ಓರೆಗಣ್ಣಿನಲ್ಲಿ ನೋಡಿದರೆ ಕೆಂಚ ತಲೆ ವಾಲಿಸಿ ನಿಂತೇ ಇದ್ದ. ಅವನತ್ತ ತಿರುಗಿ, ಎಂದಿನಂತೆ ಅಂಗೈ ಮೇಲೆತ್ತಿ "ಉಪ್ಪಿಟ್ಟು" ಎಂದೆ. ತಟ್ಟನೆ ಕೂತ! ಇಷ್ಟು ದಿನ ಅವನು ಓದಿದ್ದು ನನ್ನ ಕೈಯನ್ನು. ಜಂಬೂ ಸವಾರಿಯಲ್ಲಿ ಆನೆಯ ಕಿವಿಯ ಹಿಂದೆ ಆಡುವ ಮಾವುತನ ಕಾಲ್ಬೆರಳನ್ನು ನೋಡಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

ಹಾಗೆಂದು ಮಾತು ವ್ಯರ್ಥವಲ್ಲ. ಹಂಗೇರಿಯ ಬುಡಾಪೆಸ್ಟ್‌ನ ಸಂಶೋಧಕರು ಎಂಆರ್‌ಐ ಯಂತ್ರದೊಳಗೆ ಅಲುಗಾಡದೆ ಮಲಗುವುದನ್ನು ನಾಯಿಗಳಿಗೆ ಕಲಿಸಿ, ಮಿದುಳನ್ನು ನೋಡಿದ್ದಾರೆ. 2016ರಲ್ಲಿ ಅವರು ಪ್ರಕಟಿಸಿದಂತೆ, ಹೊಗಳಿಕೆಯ ಪದವೂ ಹೊಗಳಿಕೆಯ ದನಿಯೂ ಒಟ್ಟಿಗೆ ಬಂದಾಗಲೇ ಸಂತೋಷಕ್ಕೆ ಸಂಬಂಧಿಸಿದ ಭಾಗಗಳು ಹೆಚ್ಚು ಚುರುಕಾಗುತ್ತವೆ. ಸಿಡುಕುತ್ತಾ "ಜಾಣ" ಎಂದರೆ ಅದು ನಾಯಿಗೂ ಹೊಗಳಿಕೆಯಲ್ಲ. ಅಮೆರಿಕದ ಚೇಸರ್ ಎಂಬ ಬಾರ್ಡರ್ ಕೋಲಿ ತಳಿಯ ನಾಯಿಯಂತೂ ಸಾವಿರಕ್ಕೂ ಹೆಚ್ಚು ಆಟಿಕೆಗಳ ಹೆಸರು ಕಲಿತಿತ್ತು.

ಹಾಗಾಗಿ ಕನ್ನಡವೋ ಇಂಗ್ಲಿಷೋ ಎಂಬ ಜಗಳ ನಾಯಿಗಿಲ್ಲ. ಅದಕ್ಕೆ ಬೇಕಾದದ್ದು ಒಂದು ಕೆಲಸಕ್ಕೆ ಒಂದೇ ಪದ, ಮನೆಮಂದಿಗೆಲ್ಲ ಅದೇ ಪದ. ನಮ್ಮಲ್ಲಿ ನಾನು "ಕೂತುಕೋ" ಎಂದರೆ, ಹೆಂಡತಿ "ಕೂರು", ಮಗಳು "ಸಿಟ್", ಅಮ್ಮ "ಕೂತುಕೊಳ್ಳಪ್ಪ ರಾಜ". ಸಾಲದೆಂಬಂತೆ "ನಿಂತುಕೋ" ಬೇರೆ. ಎರಡಕ್ಕೂ ಬಾಲ ಒಂದೇ, ಕೇಳುವವನು ಯಾವ ತುದಿಯನ್ನು ನಂಬಬೇಕು? ಕೊನೆಗೆ "ಕೂರು", "ನಿಲ್ಲು" ಎಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆವು. ಚೀಟಿ ನಾಯಿಗಲ್ಲ, ನಮಗೆ. ಪದವನ್ನು ಮೊದಲು ಹೇಳಿ, ಅರೆಕ್ಷಣ ಬಿಟ್ಟು ಕೈ ಎತ್ತುತ್ತಾ ಹೋದರೆ, ಕೈಗಾಗಿ ಕಾಯದೆ ಪದಕ್ಕೇ ಕೂರುವುದನ್ನು ಕಲಿಯುತ್ತದೆ.

"ಬಾ" ಎಂಬ ಪದವನ್ನು ಮಾತ್ರ ನಾನೇ ಕೆಡಿಸಿದೆ. ಒಂದು ರಾತ್ರಿ ಗೇಟು ದಾಟಿ ಓಡಿದವನನ್ನು ಅರ್ಧ ಗಂಟೆ ಕೂಗಿದೆ. ಬಂದ. ಬಂದವನ ಬೆನ್ನಿಗೆ ಒಂದು ಬಾರಿಸಿದೆ. ನನ್ನ ಲೆಕ್ಕದಲ್ಲಿ ಅದು ಓಡಿದ್ದಕ್ಕೆ. ಅವನ ಲೆಕ್ಕದಲ್ಲಿ ಬಂದದ್ದಕ್ಕೆ. ಆಮೇಲೆ "ಬಾ" ಎಂದರೆ ಹತ್ತು ಮಾರು ದೂರದಲ್ಲೇ ನಿಂತು, ತುಟಿ ನೆಕ್ಕಿ, ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದ. ನೆರೆಯವರಿಗೆ ಅದು ಕೊಬ್ಬಾಗಿ ಕಂಡಿತು, ಅದು ಅಳುಕು. ಆ ಪದವನ್ನು ಬಿಟ್ಟು "ಇಲ್ಲಿ" ಎಂಬುದನ್ನು ಹೊಸದಾಗಿ ಶುರು ಮಾಡಿದೆವು. ಪ್ರತಿ ಸಲ ಬಂದಾಗಲೂ ಉಗುರಿನಷ್ಟು ಪನೀರ್. (ಪಾಯಸದ ದ್ರಾಕ್ಷಿಯನ್ನು ಪ್ರೀತಿಯಿಂದ ಹಾಕುವವರೇ, ದಯವಿಟ್ಟು ಬೇಡ, ಅದು ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲದು.)

ಅಮ್ಮ ಮಾತ್ರ ಚೀಟಿಯನ್ನು ಒಪ್ಪಿಲ್ಲ. "ಹಾಲಿನವನು ಬಂದನಾ ನೋಡು ಹೋಗಪ್ಪ" ಎಂದರೆ ಕೆಂಚ ಗೇಟಿಗೆ ಓಡುತ್ತಾನೆ, ಅಷ್ಟೂ ಕನ್ನಡ ಬರುತ್ತದೆ ಎಂಬುದು ಅವರ ವಾದ. ನಿನ್ನೆ ಮಧ್ಯಾಹ್ನ ಅವರು ಮಾತಿಲ್ಲದೆ ಹಾಲಿನ ಪಾತ್ರೆಯನ್ನು ತೊಳೆಯಲು ಎತ್ತಿಕೊಂಡರು. ಕೆಂಚ ಆಗಲೇ ಗೇಟಿನ ಬಳಿ ನಿಂತು ಬಾಲ ಆಡಿಸುತ್ತಿದ್ದ.