ದೋಣಿಯ ಪಾದ ಎಲ್ಲಿದೆ?

ಈ ಬೇಸಿಗೆಯಲ್ಲಿ ಜಮಖಂಡಿ ತಾಲ್ಲೂಕಿನ ನನ್ನ ತವರಿಗೆ ಹೋದಾಗ, ಅಣ್ಣ ಎಮ್ಮೆಗಳಿಗೆ ಹೊಸ ನೀರಿನ ದೋಣಿ ಕಟ್ಟಿಸುತ್ತಿದ್ದ. ಅಜ್ಜನ ಕಾಲದ ಕಲ್ಲುದೋಣಿ ಸೀಳು ಬಿಟ್ಟಿತ್ತು. ಇಟ್ಟಿಗೆ ಕೆಲಸ ಮುಗಿದಿತ್ತು, ಒಳಗಿನ ಗಿಲಾವು ಬಾಕಿ ಇತ್ತು. ಅಲ್ಲೇ ಬೇವಿನ ಮರದ ನೆರಳಲ್ಲಿ ಅಣ್ಣನ ಮಗಳು ರಜೆಯ ಅಭ್ಯಾಸ ಪುಸ್ತಕ ಹಿಡಿದು ಕೂತಿದ್ದಳು. ಪಟ್ಟಕದ, ಅಂದರೆ ಪ್ರಿಸಮ್ಮಿನ ಪಾಠ. ಘನಫಲ ಅಂದರೆ ಪಾದದ ವಿಸ್ತೀರ್ಣ ಗುಣಿಸು ಎತ್ತರ. ಸೂತ್ರ ಬಾಯಿಪಾಠವಾಗಿತ್ತು.

“ಹಂಗಾದ್ರ ಈ ದ್ವಾಣಿ ಎಷ್ಟ ನೀರ ಹಿಡೀತೈತಿ, ಹೇಳು ನೋಡೋಣು” ಅಂದ ಅಣ್ಣ.

ಹುಡುಗಿ ಟೇಪು ತಂದಳು. ಉದ್ದ 10 ಅಡಿ, ಆಳ 1 ಅಡಿ. ತಳದ ಅಗಲ 14 ಇಂಚು, ಬಾಯಿಯ ಅಗಲ 24 ಇಂಚು. ಎಮ್ಮೆ ಮುಖ ಇಳಿಸಲು, ಉಜ್ಜಿ ತೊಳೆಯಲು ಸಲೀಸಾಗಲಿ ಅಂತ ಎರಡೂ ಉದ್ದನೆಯ ಗೋಡೆಗಳನ್ನು ಹೊರಕ್ಕೆ ವಾಲಿಸಿದ್ದರು. ಅವಳು ತಳವನ್ನೇ ಪಾದ ಅಂತ ತಗೊಂಡು ಲೆಕ್ಕ ಹಾಕಿದಳು. ಸುಮಾರು 330 ಲೀಟರ್ ಬಂತು. ವೈನಿ ಒಪ್ಪಲಿಲ್ಲ. “ಮ್ಯಾಲ ಅಗಲ ಐತೆಲ್ಲ, ಅದನ್ಯಾಕ ಬಿಟ್ಟಿ?” ಅಂದಳು. ಬಾಯಿಯ ಅಗಲ ಹಿಡಿದರೆ 20 ಘನ ಅಡಿ, ಅಂದರೆ 566 ಲೀಟರ್. ಒಂದೇ ದೋಣಿಗೆ ಎರಡು ಉತ್ತರ, ನಡುವೆ 236 ಲೀಟರ್ ಅಂತರ!

ತೊಡಕು ಇದ್ದದ್ದು ‘ಪಾದ’ ಅನ್ನೋ ಮಾತಿನಲ್ಲಿ. ಪಾದ ಅಂದರೆ ಕೆಳಗಿರುವುದು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಪಟ್ಟಕದ ಪಾದ ಕೆಳಗೇ ಇರಬೇಕೆಂದಿಲ್ಲ. ಹಿಂದೆ ಕಿರಾಣಿ ಅಂಗಡಿಯಲ್ಲಿ ಬಟ್ಟೆ ಸೋಪಿನ ಉದ್ದ ಬಾರನ್ನು ತಂತಿಯಿಂದ ಕೊಯ್ದು ಕೊಡುತ್ತಿದ್ದರು. ಎಲ್ಲಿ ಕೊಯ್ದರೂ ತುಂಡಿನ ಮುಖ ಒಂದೇ ಆಕಾರ, ಒಂದೇ ಅಳತೆ. ಆ ಮುಖವೇ ಪಾದ. ಬಾರು ನಿಂತಿರಲಿ, ಮಲಗಿರಲಿ, ಪಾದ ಬದಲಾಗುವುದಿಲ್ಲ.

ಅವಳನ್ನು ದೋಣಿಯ ತುದಿಗೆ ಕರೆದೊಯ್ದು ಕೂರಿಸಿದೆ. “ಇಲ್ಲಿಂದ ಆ ತುದಿತನಕ ಯಾವ ಆಕಾರ ಹಾಂಗೇ ಉಳೀತೈತಿ?”

ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪುಸ್ತಕವನ್ನು ಅಡ್ಡ ತಿರುಗಿಸಿ ಚಿತ್ರ ನೋಡಿದಳು. “ಅತ್ತಿ, ಇದು ಮಲಗೈತಿ!” ಅಂದಳು. ಅವಳು ಹಾಗಂದ ಗಳಿಗೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪಾದ ಅಂದರೆ ತುದಿಯ ಗೋಡೆ, ಒಂದು ತ್ರಾಪಿಜ್ಯ. 24 ಮತ್ತು 14ರ ಸರಾಸರಿ 19. ಅದನ್ನು ಆಳದ 12 ಇಂಚಿಗೆ ಗುಣಿಸಿದರೆ 228 ಚದರ ಇಂಚು. ‘ಎತ್ತರ’ ಅಂದರೆ ಇಲ್ಲಿ ಉದ್ದ, 120 ಇಂಚು. ಒಟ್ಟು 27,360 ಘನ ಇಂಚು. ಒಂದು ಘನ ಅಡಿಗೆ 1,728 ಘನ ಇಂಚು, ಹಾಗಾಗಿ 15.83 ಘನ ಅಡಿ. ಘನ ಅಡಿಗೆ 28.3 ಲೀಟರಿನಂತೆ ಸುಮಾರು 448 ಲೀಟರ್. ಮನೆಯಲ್ಲಿ 15 ಲೀಟರಿನ ಖಾಲಿ ಎಣ್ಣೆ ಡಬ್ಬಿ ಇತ್ತು. ಅದರ ಲೆಕ್ಕದಲ್ಲಿ 30 ಡಬ್ಬಿ. ಗೋಡೆಯ ಮೇಲೆ ಇದ್ದಿಲಲ್ಲಿ ‘30’ ಅಂತ ಬರೆದಿಟ್ಟಳು.

ಮಧ್ಯಾಹ್ನ ಗೌಂಡಿ ಬಂದರು, ವಯಸ್ಸಾದವರು. ಗಿಲಾವು ಎಷ್ಟು ಚದರ ಅಡಿ ಅಂತ ಹುಡುಗಿ ಆಗಲೇ ತೆಗೆದಿಟ್ಟಿದ್ದಳು. ವಾಲಿದ ಗೋಡೆಯನ್ನು ಅಳೆಯದೆ ಲೆಕ್ಕದಲ್ಲೇ ಹಿಡಿದಿದ್ದಳು. ಆಳ 12, ಪ್ರತಿ ಪಕ್ಕದ ವಾಲಿಕೆ 5, ಹಾಗಾಗಿ ಓರೆ 13 ಇಂಚು. ಪಾದದ ಸುತ್ತಳತೆ 14, 13, 13, 24 ಕೂಡಿ 64. ಅದನ್ನು ಉದ್ದಕ್ಕೆ ಗುಣಿಸಿ, ಎರಡು ತುದಿ ಸೇರಿಸಿ, 56.5 ಚದರ ಅಡಿ ಅಂದಳು. ಸೂತ್ರದ ಪ್ರಕಾರ ತಪ್ಪೇ ಇಲ್ಲ.

ಗೌಂಡಿ ಮಾತಾಡದೆ ನೂಲು ತೆಗೆದರು. ದೋಣಿಯ ಒಂದು ಅಂಚಿನಿಂದ ಒಳಗಿಳಿಸಿ, ತಳಕ್ಕೆ ಒತ್ತಿ, ಆ ಕಡೆಯ ಅಂಚಿಗೆ ಏರಿಸಿದರು. ಟೇಪಿಗೆ ಹಿಡಿದರೆ ಸರಿಯಾಗಿ 40 ಇಂಚು. “64 ಬರಬೇಕಿತ್ತಲ್ಲ ಮುತ್ಯಾ?” ಅಂತ ಕೇಳಿದಳು. “ಮ್ಯಾಲೂ ಗಿಲಾವ ಬಡದ್ರ ಎಮ್ಮಿ ನೀರ ಹ್ಯಾಂಗ ಕುಡೀಬೇಕವ್ವಾ?” ಅಂದರು ಅವರು. ಬಾಯಿ ತೆರೆದಿದೆ, ಅದನ್ನು ಬಿಡಬೇಕು. 40 ಇಂಚು ಗುಣಿಸು 120, ಜೊತೆಗೆ ಎರಡು ತುದಿ. 36.5 ಚದರ ಅಡಿ. ಕಳೆದುಹೋದ 20 ಚದರ ಅಡಿ ಅಂದರೆ ದೋಣಿಯ ಬಾಯಿಯೇ, 2 ಅಡಿ ಗುಣಿಸು 10 ಅಡಿ. ಸೂತ್ರ ಎಲ್ಲ ಮುಖಗಳನ್ನೂ ಎಣಿಸುತ್ತದೆ. ಯಾವ ಮುಖ ಇದೆ, ಯಾವುದು ಇಲ್ಲ ಅಂತ ನೋಡುವ ಕೆಲಸ ನಮ್ಮದು. ಆ ನೂಲನ್ನು ಶಾಲೆಯಲ್ಲಿ ಯಾಕೆ ತೋರಿಸುವುದಿಲ್ಲವೋ! ಪಾರ್ಶ್ವ ಮೇಲ್ಮೈ ಅನ್ನುವುದು ಸುತ್ತಳತೆಯ ನೂಲನ್ನು ಉದ್ದಕ್ಕೂ ಎಳೆದುಕೊಂಡು ಹೋದಷ್ಟೇ ಸರಳ.

“ಹೊಲದಾಗಿನ ಕೃಷಿ ಹೊಂಡಕ್ಕೂ ಇದ ಲೆಕ್ಕ ನಡೀತೈತೇನ?” ಅಂತ ಆಮೇಲೆ ಕೇಳಿದಳು. ನಡೆಯುವುದಿಲ್ಲ. ಅದು ನಾಲ್ಕೂ ಕಡೆ ವಾಲಿದೆ, ಯಾವ ಕಡೆಯಿಂದ ಕೊಯ್ದರೂ ಮುಖ ಒಂದೇ ಅಳತೆ ಇರುವುದಿಲ್ಲ. ಅದಕ್ಕೆ ಭಾಸ್ಕರಾಚಾರ್ಯರು 1150ರಲ್ಲೇ ‘ಲೀಲಾವತಿ’ಯಲ್ಲಿ ದಾರಿ ಹೇಳಿದ್ದಾರೆ. ಮೇಲಿನ ವಿಸ್ತೀರ್ಣ, ತಳದ ವಿಸ್ತೀರ್ಣ, ಜೊತೆಗೆ ಎರಡರ ಉದ್ದಗಳನ್ನು ಕೂಡಿ, ಅಗಲಗಳನ್ನು ಕೂಡಿ, ಗುಣಿಸಿ ಬಂದ ವಿಸ್ತೀರ್ಣ. ಮೂರನ್ನೂ ಸೇರಿಸಿ 6ರಿಂದ ಭಾಗಿಸಿ ಆಳಕ್ಕೆ ಗುಣಿಸಬೇಕು. ಅವಳು ಅದನ್ನು ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು.

ಗಿಲಾವಿಗೆ ವಾರ ನೀರು ಹೊಡೆಯಬೇಕಿತ್ತು. ಅಷ್ಟರಲ್ಲಿ ನಾನು ಬೆಳಗಾವಿಗೆ ವಾಪಸ್ ಬಂದಿದ್ದೆ. ಒಂದು ಸಂಜೆ ಫೋನ್ ಬಂತು. ದನಿಯಲ್ಲಿ ಅಳು ಇತ್ತು. “ಅತ್ತಿ, 27 ಡಬ್ಬಿಗೇ ತುಂಬಿ ಹರೀತು. ನನ್ನ ಲೆಕ್ಕ ತಪ್ಪೈತಿ.”

ನನಗೂ ಮೊದಲು ಹೊಳೆಯಲಿಲ್ಲ. ಆಮೇಲೆ ಕೇಳಿದೆ, “ನೀ ಅಳತಿ ತಗೊಂಡಿದ್ದು ಯಾವಾಗ? ಗಿಲಾವು ಎಷ್ಟು ದಪ್ಪ ಹಾಕ್ಯಾರ?”

ಆ ಕಡೆ ಸದ್ದೇ ಇಲ್ಲ. ಪೆನ್ಸಿಲ್ಲು ಕಾಗದದ ಮೇಲೆ ಓಡುವುದು ಮಾತ್ರ ಕೇಳುತ್ತಿತ್ತು. ಅರ್ಧ ಇಂಚು ದಪ್ಪ, 36.5 ಚದರ ಅಡಿ. ಗುಣಿಸಿದರೆ ಒಂದೂವರೆ ಘನ ಅಡಿ, ಅಂದರೆ ಸುಮಾರು 43 ಲೀಟರ್.

“ಮೂರು ಡಬ್ಬಿ!” ಅಂತ ಕೂಗಿದಳು. “ಅಪ್ಪಾ, ಮೂರು ಡಬ್ಬಿ ಗಿಲಾವ ನುಂಗೇತಿ!”

ಫೋನ್ ಕೈಯಲ್ಲಿ ಹಿಡಿದೇ ಹಿತ್ತಲಿಗೆ ಓಡಿದಳು.