ಹರ್ಜಲ್‌ನ ಮನೆ

ಜುಲೈ 3, 2022, ಭಾನುವಾರ

ಇವತ್ತು ಥಿಯೊಡೋರ್ ಹರ್ಜಲ್ ತೀರಿಕೊಂಡ ದಿನ. 1904ರಲ್ಲಿ, ಆಸ್ಟ್ರಿಯಾದ ಎಡ್ಲಾಖ್ ಎಂಬ ಊರಲ್ಲಿ. ವಯಸ್ಸು ಬರೀ 44. ಯಹೂದಿಗಳಿಗೂ ಒಂದು ದೇಶ ಬೇಕು ಅಂತ ಚಳವಳಿ ಕಟ್ಟಿದ ಪತ್ರಕರ್ತ. ಒಂದು ವಾರದಿಂದ ಅವನ ದಿನಚರಿ ಓದುತ್ತಿದ್ದೇನೆ. ರಾತ್ರಿ ಪುಸ್ತಕ ಮುಚ್ಚಿದ ಮೇಲೂ ಮನುಷ್ಯ ಬಿಟ್ಟು ಹೋಗುವುದಿಲ್ಲ.

ಆ ಕೋಟಿನ ಪ್ರಸಂಗವನ್ನಂತೂ ಮೂರು ಸಲ ಓದಿದೆ. 1897ರ ಆಗಸ್ಟ್ 29, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಜಿಯೋನಿಸ್ಟರ, ಅಂದರೆ ಯಹೂದಿಗಳಿಗೆ ಪ್ಯಾಲೆಸ್ಟೀನಿನಲ್ಲಿ ನೆಲೆ ಬೇಕೆನ್ನುವವರ, ಮೊದಲ ಸಮ್ಮೇಳನ. ಮ್ಯೂನಿಕ್‌ನಲ್ಲಿ ಆಗಬೇಕಿತ್ತು, ಅಲ್ಲಿನ ಯಹೂದಿಗಳೇ ಬೇಡವೆಂದರು. ಬಂದ ಸುಮಾರು 200 ಜನರೂ ಕಪ್ಪು ಟೇಲ್‌ಕೋಟು, ಬಿಳಿ ಟೈ ತೊಟ್ಟೇ ಬರಬೇಕು ಅಂತ ಹರ್ಜಲ್‌ನ ಹಟ. ಆಪ್ತ ಗೆಳೆಯ ಮ್ಯಾಕ್ಸ್ ನೋರ್ಡೌ ಮಾಮೂಲಿ ಕೋಟಿನಲ್ಲಿ ಬಂದ, ಬದಲಿಸುವುದಿಲ್ಲ ಅಂದ. ಹರ್ಜಲ್ ಅವನನ್ನು ಪಕ್ಕಕ್ಕೆ ಕರೆದು ಅಂಗಲಾಚಿದ. ಕಾಲು ಗಂಟೆಯಲ್ಲಿ ನೋರ್ಡೌ ಟೇಲ್‌ಕೋಟು ತೊಟ್ಟು ವಾಪಸ್ಸು ಬಂದ. ಊರೂರಲ್ಲಿ ಬೈಸಿಕೊಂಡು, ಹೊಡೆಸಿಕೊಂಡು ಬದುಕಿದ ಜನ ಆ ಸಭಾಂಗಣದಲ್ಲಾದರೂ ತಮ್ಮನ್ನು ತಾವು ದೊಡ್ಡವರಾಗಿ ಕಾಣಲಿ ಅನ್ನುವ ಆಸೆ ಅದು. ನನಗೆ ಕಣ್ಣು ತುಂಬಿತು.

ಸೆಪ್ಟೆಂಬರ್ 3ರಂದು ಬರೆದುಕೊಳ್ಳುತ್ತಾನೆ: ಬಾಸೆಲ್‌ನಲ್ಲಿ ಯಹೂದಿ ರಾಷ್ಟ್ರ ಸ್ಥಾಪಿಸಿದೆ, ಈಗ ಬಾಯಿಬಿಟ್ಟು ಹೇಳಿದರೆ ಲೋಕವೇ ನಗುತ್ತದೆ, ಐದಲ್ಲದಿದ್ದರೆ ಐವತ್ತು ವರ್ಷಕ್ಕೆ ಎಲ್ಲರೂ ಒಪ್ಪುತ್ತಾರೆ ಅಂತ. ಇಸ್ರೇಲ್ ಹುಟ್ಟಿದ್ದು 1948ರಲ್ಲಿ.

ಆದರೆ ವಿಯೆನ್ನಾದ ಸ್ವಂತ ಮನೆ? ಹೆಂಡತಿ ಯೂಲಿಗೆ ಈ ಚಳವಳಿ ಬೇಕಿರಲಿಲ್ಲ. ಅವಳು ತವರಿಂದ ತಂದ ದುಡ್ಡೂ ಅದಕ್ಕೇ ಕರಗಿತು. ನಮ್ಮ ಚಿಕ್ಕಪ್ಪನೂ ಚಳವಳಿ ಅಂತ ಊರೂರು ಅಲೆದವರು. ಗೇಟಿನ ಸದ್ದಾದಾಗಲೆಲ್ಲ ಚಿಕ್ಕಮ್ಮ ಒಲೆ ಮುಂದಿನಿಂದ ತಲೆಯೆತ್ತುತ್ತಿದ್ದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಯೂಲಿಯನ್ನು ಬರೀ ಜಗಳಗಂಟಿ ಅಂತ ಬರೆಯುವವರನ್ನು ಕಂಡರೆ ಅದಕ್ಕೇ ಸಿಟ್ಟು ಬರುತ್ತದೆ.

'ಮನೆ ಕಟ್ಟಿ ನೋಡು' ಅಂತೀವಿ. ಕಟ್ಟುವ ಜಾಗದಲ್ಲಿ ಆಗಲೇ ಒಲೆ ಉರಿಯುತ್ತಿದ್ದರೆ? 1899ರ ಮಾರ್ಚ್‌ನಲ್ಲಿ ಜೆರುಸಲೇಮಿನ ಮಾಜಿ ಮೇಯರ್ ಯೂಸುಫ್ ದಿಯಾ ಅಲ್-ಖಾಲಿದಿ ಬರೆದ ಪತ್ರ ಹರ್ಜಲ್‌ನ ಕೈ ಸೇರಿತು. ನಿಮ್ಮ ಆಸೆ ನ್ಯಾಯವಾದದ್ದೇ, ಆದರೆ ಇಲ್ಲಿ ಜನ ಇದ್ದಾರೆ, ದೇವರಾಣೆ ಪ್ಯಾಲೆಸ್ಟೀನನ್ನು ಅದರ ಪಾಡಿಗೆ ಬಿಡಿ ಅಂತ. ನಾವು ಬಂದರೆ ನಿಮ್ಮ ಆಸ್ತಿಯ ಬೆಲೆಯೂ ಏರುತ್ತದೆ ಎಂಬ ಧಾಟಿಯಲ್ಲಿ ಹರ್ಜಲ್ ಉತ್ತರಿಸಿದ. ಆ ಮನುಷ್ಯ ಕೇಳಿದ್ದು ಬೆಲೆಯನ್ನಲ್ಲ. ಒಂದು ಟೇಲ್‌ಕೋಟಿಗಾಗಿ ಅಂಗಲಾಚಿದವನಿಗೆ ಇನ್ನೊಬ್ಬರ ಮರ್ಯಾದೆ ಯಾಕೆ ಕಾಣಲಿಲ್ಲವೋ, ನನಗೆ ಇದು ನುಂಗಲಾಗದ ತುತ್ತು.

ಯಹೂದಿಗಳು ಪ್ಯಾಲೆಸ್ಟೀನಿಗೆ ಒಯ್ಯುವ ತನಕ ನನ್ನನ್ನು ಅಪ್ಪನ ಪಕ್ಕ ಹೂಳಿ ಅಂತ ಹರ್ಜಲ್ ಉಯಿಲು ಬರೆದಿದ್ದ. 1949ರಲ್ಲಿ ಒಯ್ದರು. ಮಕ್ಕಳು ಮೂವರು. 1930ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಹಿರಿಯವಳು ಪಾಲಿನ್ ಸತ್ತಳು. ಅಕ್ಕನನ್ನು ಮಣ್ಣು ಮಾಡಿದ ದಿನವೇ ಹಾನ್ಸ್ ಗುಂಡು ಹೊಡೆದುಕೊಂಡ. ಕಿರಿಯವಳು ಟ್ರೂಡೆ 1943ರಲ್ಲಿ ನಾಜಿಗಳ ಟೆರೇಜಿಯನ್‌ಸ್ಟಾಟ್ ಶಿಬಿರದಲ್ಲಿ ಸತ್ತಳು. 2006ರಲ್ಲಿ ಪಾಲಿನ್, ಹಾನ್ಸ್ ಇಬ್ಬರ ಅಸ್ಥಿಯನ್ನೂ ತಂದು ಜೆರುಸಲೇಮಿನಲ್ಲಿ ಅಪ್ಪ ಮಲಗಿರುವ ಬೆಟ್ಟದಲ್ಲೇ ಇಟ್ಟರು. ಟ್ರೂಡೆ ಮಾತ್ರ ಅಲ್ಲಿಲ್ಲ.