ರೊಟ್ಟಿ ಹರೀತೈತಿ, ಕರೀಬ್ಯಾಡ

"ಏ ತಮ್ಮಾ, ನೋಡ್ರಿ ನೋಡ್ರಿ ಅಂತ ಕರೀಬ್ಯಾಡ, ರೊಟ್ಟಿ ಹರೀತೈತಿ!" ಮೊನ್ನೆ ದಾವಣಗೆರೆಯ ವಿದ್ಯಾನಗರದಲ್ಲಿ, ಮದುವೆ ಮನೆಯ ಮಹಡಿ ಮೇಲೆ ದೊಡ್ಡಮ್ಮ ಗದರಿದ್ದು ಇನ್ನೂ ಕಿವಿಯಲ್ಲಿದೆ.

ಖಡಕ್ ರೊಟ್ಟಿಗೆ ಕೂತಿದ್ದೆವು. ಒಬ್ಬರು ಎಸರಿಗೆ ಹಿಟ್ಟು ಹಾಕಿ ನಾದೋರು, ನಾವು ಮೂವರು ಬಡಿಯೋರು, ಹೆಂಚಿನ ಮುಂದೆ ದೊಡ್ಡಮ್ಮ. ಮೊದಮೊದಲು ಬರೀ ಗೊಂದಲ. ಒಮ್ಮೆ ಹೆಂಚು ಸುಮ್ಮನೆ ಕಾಯುತ್ತಿತ್ತು, ಒಮ್ಮೆ ಬಡಿದ ರೊಟ್ಟಿಗೆ ಜಾಗವೇ ಇಲ್ಲ. ಆಮೇಲೆ ಯಾವಾಗಲೋ, ಯಾರೂ ಹೇಳದೆ, ಸರಿಹೋಯಿತು. ಪಕ್ಕದವರ ಕೈ ಸೋತರೆ ಉಂಡೆ ನನ್ನ ಕಡೆ ಉರುಳಿ ಬರುತ್ತಿತ್ತು. ಹೊಸ ಸೊಸೆಯ ಕೈ ಇನ್ನೂ ಪಳಗಿಲ್ಲ. ಅವಳ ಸರದಿ ಬಂದಾಗ ದೊಡ್ಡಮ್ಮ ಉರಿ ಸಣ್ಣ ಮಾಡುತ್ತಿದ್ದರು, ಅವಳಿಗೆ ಗೊತ್ತಾಗದ ಹಾಗೆ. ಇದೇ ದೊಡ್ಡಮ್ಮ ಬೇರೆ ದಿನ ಸೊಸೆಯಂದಿರ ಬಗ್ಗೆ ಆಡುವ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಆಗ ಮದುಮಗನ ತಮ್ಮ ಫೋನ್ ಹಿಡಿದು ಬಂದ. "ಎಲ್ರೂ ಒಂದ್ಸಲ ಈ ಕಡೆ ನೋಡ್ರಿ." ನೋಡಿದೆವು. ಸೆರಗು ಸರಿಮಾಡಿಕೊಳ್ಳುವ ನೆನಪಾಯಿತು, ನನ್ನ ರೊಟ್ಟಿ ಹರಿಯಿತು. ಪಕ್ಕದವರದೂ. ಒಳ್ಳೆ ಹುಡುಗನೇ, ಆದರೆ ಕಣ್ಣಿಗೆ ಬಿದ್ದದ್ದೆಲ್ಲ ಅವನಿಗೆ ರೀಲ್ಸ್.

ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ 1970ರ ದಶಕದಿಂದ 'ಫ್ಲೋ' ಎಂಬ ಹೆಸರಿನಲ್ಲಿ ಅಧ್ಯಯನ ಮಾಡಿದ ತಲ್ಲೀನತೆಯೇ ಆ ಫೋನ್ ಬರುವ ತನಕ ನಮಗೆ ಒದಗಿದ್ದು. ಕೆಲಸ ತೀರಾ ಸಲೀಸಾಗಿರಬಾರದು, ಕೈಮೀರಿಯೂ ಹೋಗಬಾರದು. ಮಾಡಿದ್ದು ಸರಿಯೋ ತಪ್ಪೋ ಆಗಿಂದಾಗಲೇ ತಿಳಿಯಬೇಕು. ಆಗ ನನ್ನನ್ನು ನಾನೇ ನೋಡಿಕೊಳ್ಳುವ ಕಣ್ಣು ಮುಚ್ಚುತ್ತದೆ. ಅವರ ಶಿಷ್ಯ ಕೀತ್ ಸಾಯರ್, ಜಾಝ್ ವಾದಕರಲ್ಲೂ ಆಶುನಾಟಕದ ತಂಡಗಳಲ್ಲೂ ಇದು ಇಡೀ ಗುಂಪಿಗೇ ಒದಗುವುದನ್ನು ಗುರುತಿಸಿದರು. ಒಬ್ಬರೇ ಮುಳುಗುವುದಕ್ಕಿಂತ ಜೊತೆಯಲ್ಲಿ ಮುಳುಗುವುದು ಹೆಚ್ಚು ಖುಷಿ ಕೊಡುತ್ತದೆ ಎಂದು ಇನ್ನೊಬ್ಬ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ವಾಕರ್ 2010ರಲ್ಲಿ ಪ್ರಕಟಿಸಿದರು. ಜಾಝ್ ನನಗೆ ತಿಳಿಯದು. ಪಕ್ಕದವರ ಬಡಿತ ಕೇಳಿ ನನ್ನ ಕೈ ತಾನಾಗಿ ನಿಧಾನವಾದದ್ದು ಮಾತ್ರ ಗೊತ್ತು.

ದೊಡ್ಡಮ್ಮನ ಆ ಗದರಿಕೆಯನ್ನು ಮತ್ತೆ ಮತ್ತೆ ನೆನೆಯುತ್ತೇನೆ. ಅವರು ಕಾಯ್ದದ್ದು ಬರೀ ರೊಟ್ಟಿಯನ್ನಲ್ಲ ಅನಿಸುತ್ತದೆ. ಉರಿ ತಗ್ಗಿಸಿದ್ದೂ ಅದೇ ಕಾವಲು.

ಕೆಳಗೆ ಗಂಡಸರು ಇಸ್ಪೀಟಿನಲ್ಲಿ ನಮ್ಮಷ್ಟೇ ಮುಳುಗಿದ್ದರು. "ಚಾ ಆತೇನ್ರವ್ವಾ?" ಅಂತ ಕೂಗು ಬಂತು. ಹಿಟ್ಟಿನ ಕೈ ತೊಳೆದುಕೊಂಡು ಸೊಸೆ ಎದ್ದು ಹೋದಳು. ತಡೆಯಲು ದೊಡ್ಡಮ್ಮನಿಗೂ ಬಾಯಿ ಬರಲಿಲ್ಲ. ಲೋಟಗಳು ಕೈಗೇ ಬಂದಿದ್ದರಿಂದ ಅವರ ಆಟ ಒಂದು ಸುತ್ತೂ ತಪ್ಪಲಿಲ್ಲ.